ಅಕ್ಕಾ-ಸಾನ್

ಗುಮಾಸ್ತ ಕೆಂಪು ಪೆನ್ನಿನ ಮುಚ್ಚಳ ತೆಗೆದ ತಕ್ಷಣ ಹರಿಪ್ರಸಾದ ಫಾರಮ್ಮಿನ ಮೇಲೆ ಎರಡೂ ಅಂಗೈ ಊರಿದ.

"ನನ್ನ ಹೆಸರು ಹೊಡೆದುಹಾಕಬೇಡಿ," ಎಂದ ಜಪಾನಿಯಲ್ಲಿ.

"ಸುಮಿಮಾಸೆನ್," ಎಂದು ಗುಮಾಸ್ತ ಪ್ಲಾಸ್ಟಿಕ್ ಪರದೆಯ ಆಚೆಯಿಂದ ತಲೆಬಾಗಿದ. ಕ್ಷಮೆ ಕೇಳುತ್ತಲೇ ಬಾಗಿಲು ಮುಚ್ಚುವ ವಿದ್ಯೆ ಅವನಿಗೆ ಚೆನ್ನಾಗಿ ಒಲಿದಿತ್ತು. 2021ರ ಜನವರಿ, ತುರ್ತುಸ್ಥಿತಿ ಘೋಷಣೆಯಾಗಿ ಹನ್ನೆರಡು ದಿನ. ಚಿತಾಗಾರದೊಳಗೆ ಐದೇ ಜನ, ಅದೂ ಮನೆಯವರು ಮಾತ್ರ. ಮನೆಯವರು ಬರದಿದ್ದರೆ ಸಿಬ್ಬಂದಿಯೇ ಅಸ್ಥಿ ಆರಿಸಿ, ಕರಂಡದಲ್ಲಿಟ್ಟು, ಬಾಗಿಲಿಗೆ ತಂದುಕೊಡುತ್ತಾರೆ. "ತುಂಬ ಜತನದಿಂದ ಮಾಡುತ್ತಾರೆ," ಎಂದು ಅವನು ಸಮಾಧಾನ ಹೇಳಿದ. ಹರಿಪ್ರಸಾದ ಫಾರಮ್ಮಿನ ಮೇಲಿಂದ ಅಂಗೈ ಎತ್ತಲಿಲ್ಲ.

ಒಳಗೆ ಮಲಗಿದ್ದವಳು ಅಹಲ್ಯಾ. ಮೈಸೂರಿನವಳು, ಐವತ್ತೇಳು ವರ್ಷ, ಜಪಾನಿನ ಕಾಶಿವಾ ಕ್ಯಾಂಪಸ್ಸಿನ ಒಂದು ಲ್ಯಾಬಿನಲ್ಲಿ ಸಹಾಯಕಿ. ಹರಿಪ್ರಸಾದ ಅದೇ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿ. ಭಾನುವಾರ ಬೆಳಿಗ್ಗೆ ಎದೆ ಹಿಡಿದುಕೊಳ್ಳುತ್ತಿದೆ ಎಂದು ಅವನಿಗೆ ಫೋನ್ ಮಾಡಿದಳು. ಊಟದ ಹೊತ್ತಿಗೆ ಇರಲಿಲ್ಲ. ಕೊರೊನಾ ಅಲ್ಲ, ಹೃದಯ. ಆಸ್ಪತ್ರೆಯಲ್ಲಿ ನರ್ಸ್, "ಇವರು ನಿಮಗೆ ಏನಾಗಬೇಕು?" ಎಂದಾಗ ಅವನ ಬಾಯಿಗೆ ಬಂದದ್ದು ಅಕ್ಕ. ನಾಲ್ಕು ವರ್ಷದಿಂದ ಕರೆಯುತ್ತಿದ್ದದ್ದೇ ಹಾಗೆ. ಅದನ್ನು ಜಪಾನಿಗೆ ತಿರುಗಿಸಿ "ಅನೇ" ಎಂದ. ನಿಘಂಟಿನ ಪ್ರಕಾರ ಒಂದಿಷ್ಟೂ ತಪ್ಪಿಲ್ಲ. ನರ್ಸ್ ಅವನನ್ನು ಒಡಹುಟ್ಟಿದ ತಮ್ಮ ಎಂದು ಬರೆದುಕೊಂಡಳು. ಆ ಬರಹ ಆಸ್ಪತ್ರೆಯಿಂದ ಅಂತ್ಯಕ್ರಿಯೆಯ ಕಂಪನಿಗೆ, ಅಲ್ಲಿಂದ ಈ ಫಾರಮ್ಮಿಗೆ ನಡೆದು ಬಂತು.

ಇವತ್ತು ಬೆಳಿಗ್ಗೆ ಮೈಸೂರಿನಿಂದ ನಿಜವಾದ ತಮ್ಮ ಬಾಲಸುಬ್ರಹ್ಮಣ್ಯನಿಂದ ದಹನಕ್ಕೆ ಒಪ್ಪಿಗೆ ಪತ್ರ ಈಮೇಲಿನಲ್ಲಿ ಬಂತು. ಕೊನೆಗೊಂದು ಸಾಲು ಸೇರಿಸಿದ್ದ: ನನ್ನ ಅಕ್ಕನಿಗೆ ನಾನೊಬ್ಬನೇ ತಮ್ಮ, ಬೇರೆ ಯಾರೂ ಇಲ್ಲ. ಆ ಸಾಲು ಓದಿಯೇ ಗುಮಾಸ್ತ ಕೆಂಪು ಪೆನ್ನು ಕೈಗೆತ್ತಿಕೊಂಡದ್ದು.

"ಫ್ರೆಂಡ್ ಅಂತ ಬರ್ದುಬಿಡೋ ಹರಿ," ಎಂದಳು ಅಪರ್ಣಾ. ಅಹಲ್ಯಾಳ ಕೆಳಗಿನ ಮನೆಯಲ್ಲಿದ್ದ ಸಾಫ್ಟ್‌ವೇರ್ ಹುಡುಗಿ. "ಅಟ್‌ಲೀಸ್ಟ್ ಪ್ರಾಬ್ಲಮ್ ಆಗಲ್ಲ."

"ಫ್ರೆಂಡ್ ಅಂದ್ರೆ ಹೊರಗೆ ನಿಲ್ಲಿಸ್ತಾರೆ."

"ಸುಳ್ಳು ಹೇಳಿದ್ರೂ ನಿಲ್ಲಿಸ್ತಾರೆ ಕಣೋ."

"ಸುಳ್ಳೆಲ್ಲಿ ಬಂತು? ಅಕ್ಕ ಅಂದ್ರೆ ಅಕ್ಕ."

ಅವರ ಹಿಂದೆ ಬೆಂಚಿನ ಮೇಲೆ ಲ್ಯಾಬಿನ ಸೆಕ್ರೆಟರಿ ಮೊರಿತಾ-ಸಾನ್ ಎರಡು ಮಾಸ್ಕ್ ಹಾಕಿಕೊಂಡು, ಕೈಚೀಲ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಅರವತ್ತಮೂರು ವರ್ಷದ ಆ ಹೆಂಗಸು ಖಾಲಿ ರಸ್ತೆಯನ್ನೂ ಕೆಂಪು ದೀಪ ಇರುವಾಗ ದಾಟಿದವರಲ್ಲ.

* * *

ಅಹಲ್ಯಾ ಗಂಡನ ಜೊತೆ ಜಪಾನಿಗೆ ಬಂದವಳು. ಅವನು ಎರಡು ವರ್ಷದ ಪೋಸ್ಟಿಂಗ್ ಮುಗಿಸಿ ಹೊರಟಾಗ ಅವಳು ಹೊರಡಲಿಲ್ಲ. ದೊಡ್ಡ ಜಗಳವೇನೂ ಆಗಲಿಲ್ಲ. ಕೆಲಸ ಸಿಕ್ಕಿದೆ, ಇಲ್ಲೇ ಇರುತ್ತೇನೆ ಅಂದಳು, ಅಷ್ಟೆ. ಮೈಸೂರಿನ ಮನೆಗೆ ಅಷ್ಟೇ ಸಾಕಾಗಿತ್ತು. ತಮ್ಮ ಮಾತು ಬಿಟ್ಟ.

ಕೆಲಸವೆಂದರೆ ಕ್ಯಾರಿಬೂಗಳ ಜಾಡು ಹಿಡಿಯುವುದು. ಕೆನಡಾದ ಉತ್ತರದ ಹಿಮಬಯಲಿನಲ್ಲಿ ಅಲೆಯುವ ಜಿಂಕೆ ಅದು; ಹೆಣ್ಣಿಗೂ ಕೊಂಬುಂಟು. ಕೊರಳಿಗೆ ಪಟ್ಟಿ ಕಟ್ಟಿ ಬಿಟ್ಟರೆ ಆ ಪಟ್ಟಿ ನಾಲ್ಕು ಗಂಟೆಗೊಮ್ಮೆ ತಾನಿರುವ ಜಾಗವನ್ನು ಉಪಗ್ರಹಕ್ಕೆ ತಿಳಿಸುತ್ತದೆ. ಕಾಶಿವಾದ ಪರದೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ. ವಸಂತದಲ್ಲಿ ಬಸುರಿ ಹೆಣ್ಣುಗಳು ಕಾಡು ಬಿಟ್ಟು, ಇನ್ನೂ ಕರಗದ ಹಿಮ ತುಳಿಯುತ್ತ ನೂರಾರು ಮೈಲಿ ಉತ್ತರಕ್ಕೆ, ಈಯುವ ಬಯಲಿಗೆ ಹೋಗುತ್ತವೆ. ಚಳಿ ಬಲಿಯುವ ಮುನ್ನ ಮರಿಗಳೊಂದಿಗೆ ದಕ್ಷಿಣದ ಕಾಡಿಗೆ ವಾಪಸಾಗಿ, ಹಿಮ ಕೆದರಿ ಕಲ್ಲುಹೂವು ತಿಂದುಕೊಂಡಿರುತ್ತವೆ. ಯಾವ ಚುಕ್ಕಿ ನಿಜ, ಯಾವುದು ಯಂತ್ರದ ಸುಳ್ಳು ಎಂದು ಹೆಕ್ಕುವುದು ಅಹಲ್ಯಾಳ ಪಾಲು. ಹತ್ತೊಂಬತ್ತು ವರ್ಷ ಹೆಕ್ಕಿದಳು. ಒಂದೇ ಒಂದು ಕ್ಯಾರಿಬೂವನ್ನು ಕಣ್ಣಾರೆ ನೋಡಲಿಲ್ಲ.

ಚುಕ್ಕಿಗಳ ಸುತ್ತ ಗೆರೆ ಎಳೆದು, ಇದು ಈ ಪ್ರಾಣಿಯ ನೆಲೆ ಎನ್ನುತ್ತಾರೆ. ಗೆರೆ ಚೊಕ್ಕವಾಗಿ ಬರಲೆಂದು ನೂರರಲ್ಲಿ ಐದು ದೂರದ ಚುಕ್ಕಿಗಳನ್ನು ಗೆರೆಯ ಹೊರಗೆ ಬಿಡುವುದು ವಾಡಿಕೆ. ಅಷ್ಟಕ್ಕೆ ಅವಳು ಗೊಣಗಿ ಸುಮ್ಮನಾಗುತ್ತಿದ್ದಳು. ಆದರೆ ಒಂದು ಚಳಿಗಾಲ ನಲವತ್ತೇಳನೆಯ ಪಟ್ಟಿಯ ಹೆಣ್ಣು ಹಿಂಡು ಬಿಟ್ಟು ಒಂಟಿಯಾಗಿ ಮುನ್ನೂರು ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ, ಮೂರು ವಾರ ಅಲ್ಲಿದ್ದು ಮರಳಿತು. ಪಟ್ಟಿ ಕೆಟ್ಟಿದೆ, ಅದನ್ನು ದಾಖಲೆಯಿಂದಲೇ ಅಳಿಸಿ ಎಂದರು ಪ್ರೊಫೆಸರ್. ಅಹಲ್ಯಾ ಹನ್ನೊಂದು ದಿನ ಕೂತು ಚುಕ್ಕಿಯಿಂದ ಚುಕ್ಕಿಗೆ ದೂರ ಅಳೆದಳು. ಎಲ್ಲವೂ ಕ್ಯಾರಿಬೂ ನಡೆಯಬಹುದಾದ ದೂರವೇ.

"ಅದು ಹೋಗಿತ್ತು," ಎಂದಳು ಮೀಟಿಂಗಿನಲ್ಲಿ.

"ಕ್ಯಾರಿಬೂ ಹಾಗೆ ಹೋಗುವುದಿಲ್ಲ, ಅಹಲ್ಯಾ-ಸಾನ್."

"ಇದು ಹೋಗಿತ್ತು."

"ಪೇಪರಿನಲ್ಲಿ ನಿಮ್ಮ ಹೆಸರೂ ಇದೆ. ಓದಿದವರು ನಗುತ್ತಾರೆ."

"ಹೆಸರು ಬೇಕಾದರೆ ತೆಗೆಯಿರಿ. ಚುಕ್ಕಿ ತೆಗೆಯಬೇಡಿ."

ಎರಡನ್ನೂ ತೆಗೆದರು. ಮೂರು ವರ್ಷದ ನಂತರ ಬೇರೆ ಎರಡು ಹೆಣ್ಣುಗಳು ಅದೇ ದಾರಿ ಹಿಡಿದವು. ಯಾರೂ ಬಂದು ತಪ್ಪಾಯಿತು ಎನ್ನಲಿಲ್ಲ, ಮಾತುಮಾತಿಗೆ ಸುಮಿಮಾಸೆನ್ ಅನ್ನುವ ಊರಿನಲ್ಲಿ! ಅಹಲ್ಯಾ ಮಾತ್ರ ತನ್ನ ಕಂಪ್ಯೂಟರಿನಲ್ಲಿ ಆ ಚುಕ್ಕಿಗಳನ್ನು ಅಳಿಸದೆ ಇಟ್ಟುಕೊಂಡು, ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆಲ್ಲ ಮೊದಲ ದಿನವೇ ತೋರಿಸುತ್ತಿದ್ದಳು. "ನೋಡಪ್ಪ, ಇವಳು ನಮ್ಮ ಪೈಕಿ," ಎಂದು ಹರಿಪ್ರಸಾದನಿಗೂ ಹೇಳಿದ್ದಳು.

* * *

"ಒಂದೇ ತಂದೆತಾಯಿಯ ಮಕ್ಕಳೇ?" ಗುಮಾಸ್ತ ಕೇಳಿದ.

"ಅಲ್ಲ."

"ದತ್ತು?"

"ಅಲ್ಲ. ನಮ್ಮ ಭಾಷೆಯಲ್ಲಿ ಅಕ್ಕಾ ಅಂತ ಕರೆಯುತ್ತೇವೆ. ಬಸ್ಸಿನಲ್ಲಿ ಸೀಟು ಕೇಳುವಾಗಲೂ ಕರೆಯುತ್ತೇವೆ, ನಿಜ. ಇದು ಆ ಅಕ್ಕ ಅಲ್ಲ. ನನಗೆ ಕೊರೊನಾ ಬಂದಾಗ ಹದಿನಾಲ್ಕು ದಿನ ಬಾಗಿಲ ಹೊರಗೆ ಸಾರನ್ನ ಇಟ್ಟುಹೋದ ಅಕ್ಕ."

ಬೆಂಚಿನಿಂದ ಮೊರಿತಾ-ಸಾನ್ ಎದ್ದು ಬಂದರು. "ಹರಿ-ಸಾನ್, ಅಕ್ಕಾ ಅನ್ನುವುದು ಅವರ ಹೆಸರಲ್ಲವೇ?"

ಹರಿಪ್ರಸಾದ ಅವರ ಕಡೆ ತಿರುಗಿದ. ಲ್ಯಾಬಿನ ಕನ್ನಡದ ಹುಡುಗರೆಲ್ಲ ಅಕ್ಕಾ ಎನ್ನುವುದನ್ನು ಕೇಳಿ, ಅದೇ ಅವಳ ಮುದ್ದಿನ ಹೆಸರೆಂದು ತಿಳಿದು, ಅದಕ್ಕೆ ಜಪಾನಿನ ಗೌರವದ 'ಸಾನ್' ಸೇರಿಸಿ, ಮೊರಿತಾ-ಸಾನ್ ದಿನವೂ ಊಟದ ಹೊತ್ತಿಗೆ "ಅಕ್ಕಾ-ಸಾನ್, ಟೀ ಕುಡಿಯೋಣವೇ?" ಎನ್ನುತ್ತಿದ್ದರು. ಹನ್ನೊಂದು ವರ್ಷ! ಅಹಲ್ಯಾ ಒಂದು ದಿನವೂ ತಿದ್ದಿರಲಿಲ್ಲ. ಯಾಕೆಂದು ಅವನು ಕೇಳಿದರೆ, "ಇರ್ಲಿ ಬಿಡೋ, ನನಗಿಂತ ಆರು ವರ್ಷ ದೊಡ್ಡೋರ ಬಾಯಲ್ಲಿ ಅಕ್ಕಾ ಅನ್ನಿಸ್ಕೊಳ್ಳೋ ಭಾಗ್ಯ ಎಷ್ಟು ಜನಕ್ಕಿದೆ?" ಎಂದು ನಕ್ಕಿದ್ದಳು.

"ಅಲ್ಲ, ಮೊರಿತಾ-ಸಾನ್. ಹಾಗಂದರೆ ಒಡಹುಟ್ಟಿದ ದೊಡ್ಡವಳು."

ಮೊರಿತಾ-ಸಾನ್ ಕೈಚೀಲದಿಂದ ತಮ್ಮದೇ ಪೆನ್ನು ತೆಗೆದು, ಫಾರಮ್ಮಿನ ಎರಡನೆಯ ಸಾಲಿನಲ್ಲಿ ಹೆಸರು ಬರೆದು, ಸಂಬಂಧದ ಕಡೆ ದಪ್ಪಗೆ "ತಂಗಿ" ಎಂದು ಬರೆದರು. ಗುರುತಿನ ಚೀಟಿಯನ್ನೂ ಪಕ್ಕದಲ್ಲಿಟ್ಟರು.

ಗುಮಾಸ್ತ ಹುಟ್ಟಿದ ತಾರೀಖು ನೋಡಿದ. "ಕ್ಷಮಿಸಿ, ತಾವು ಅವರಿಗಿಂತ ಆರು ವರ್ಷ ದೊಡ್ಡವರು."

"ಹೌದು."

"ತಂಗಿ ಎಂದು ಬರೆದಿದ್ದೀರಿ."

"ಹೌದು. ಹನ್ನೊಂದು ವರ್ಷದಿಂದ ತಂಗಿ. ಇವತ್ತು ತಿಳಿಯಿತು."

ಗುಮಾಸ್ತ ಕೆಂಪು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದ. ಪತ್ರ ಕಳಿಸಿದ ತಮ್ಮ ಒಪ್ಪಿದರೆ ತನ್ನ ಅಭ್ಯಂತರವಿಲ್ಲ ಎಂದ. ಅಪರ್ಣಾ ತಕ್ಷಣ ವಿಡಿಯೋ ಕಾಲ್ ಹಚ್ಚಿದಳು. ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡ ಬಾಲಸುಬ್ರಹ್ಮಣ್ಯ ಕಾಣಿಸಿದ.

"ಯಾರ್ರೀ ಅವ್ನು, ತಮ್ಮ ಅಂತ ಬರ್ಸಿರೋನು?"

"ನಾನು ಸರ್, ಹರಿಪ್ರಸಾದ."

"ನಾಚಿಕೆ ಆಗಲ್ವೇನಯ್ಯಾ? ನಾನಿನ್ನೂ ಬದುಕಿದೀನಿ."

"ಬದುಕಿದ್ರಲ್ಲ ಸರ್ ಇಷ್ಟು ವರ್ಷ, ಒಂದ್ ಕಾಲ್ ಮಾಡಿದ್ರಾ?" ಅಪರ್ಣಾ ಸಿಡಿದಳು.

"ಅಪರ್ಣಾ, ಬೇಡ."

"ಏನ್ ಬೇಡ? ಯಾರಾದ್ರೂ ಹೇಳ್ಬೇಕಲ್ವಾ? ಈಗ ಬಂದಿದಾರೆ ರೈಟ್ಸ್ ಕೇಳ್ಕೊಂಡು!"

ಬಾಲಸುಬ್ರಹ್ಮಣ್ಯ ಟವೆಲಿನಿಂದ ಮುಖ ಒರೆಸಿಕೊಂಡ. "ಫ್ಲೈಟ್ ಇದ್ದಿದ್ರೆ ಬರ್ತಿದ್ದೆ ಕಣಮ್ಮ," ಎಂದ. "ಆ ಹೆಂಗಸು ಯಾರು?"

"ಮೊರಿತಾ-ಸಾನ್. ಅವರು ತಂಗಿ ಅಂತ ಬರ್ದಿದಾರೆ ಸರ್. ನೀವು ಹೂಂ ಅಂದ್ರೆ ಒಳಗೆ ಬಿಡ್ತಾರೆ. ಇಲ್ಲಾಂದ್ರೆ ಅಕ್ಕ ಒಬ್ರೇ," ಎಂದ ಹರಿಪ್ರಸಾದ.

ಬಾಲಸುಬ್ರಹ್ಮಣ್ಯ ಫೋನಿಗೆ ಮುಖ ಹತ್ತಿರ ತಂದು ಮೊರಿತಾ-ಸಾನ್ ಕಡೆ ನೋಡಿದ.

"ಹರಿಪ್ರಸಾದ, ಅಲ್ಲಿ ಅಸ್ಥೀನ ಊಟದ ಕಡ್ಡೀಲಿ ಎತ್ತಾರಂತೆ. ನಮ್ಮಕ್ಕನ್ನ ಕಡ್ಡೀಲಿ ಎತ್ಬೇಡ. ತಮ್ಮ ಅಂತ ಬರ್ದಿದೀಯಲ್ಲ, ಕೈಯಲ್ಲಿ ಆರಿಸು. ಆಗುತ್ತಾ?"

"ಆಗುತ್ತೆ."

"ಯೆಸ್," ಎಂದು ಬಾಲಸುಬ್ರಹ್ಮಣ್ಯ ಗುಮಾಸ್ತನಿಗೆ ಕೇಳುವಂತೆ ಕೂಗಿದ. "ಬ್ರದರ್. ಯೆಸ್."

ಅಪರ್ಣಾ ಮೂರನೆಯ ಸಾಲಿನಲ್ಲಿ ತಂಗಿ ಎಂದು ಬರೆದಳು. ಗುಮಾಸ್ತ ಫಾರಮ್ಮಿಗೆ ಮುದ್ರೆ ಒತ್ತಿದ.

* * *

ಒಂದೂವರೆ ಗಂಟೆಯ ನಂತರ, ದಹನ ಮುಗಿದ ಮೇಲೆ, ಅವರನ್ನು ಒಳಗೆ ಕರೆದರು. ಕಬ್ಬಿಣದ ತಟ್ಟೆಯ ಮೇಲೆ ಅಹಲ್ಯಾ ಬೆಳ್ಳಗೆ, ಇಷ್ಟೇ ಇಷ್ಟು ಉಳಿದಿದ್ದಳು. ಕಾವು ಮುಖಕ್ಕೆ ಬಡಿಯುತ್ತಿತ್ತು. ಅಪರ್ಣಾಳ ಅಷ್ಟು ಹೊತ್ತಿನ ರೋಷವೆಲ್ಲ ಇಳಿದು ಅಳು ಬಂತು.

ಸಿಬ್ಬಂದಿಯವನು ಎಲ್ಲರಿಗೂ ಪ್ಲಾಸ್ಟಿಕ್ ಗವಸು, ಉದ್ದನೆಯ ಕಡ್ಡಿಗಳನ್ನು ಕೊಟ್ಟ. ಇಬ್ಬರು ಸೇರಿ ಒಂದು ಎಲುಬನ್ನು ಎತ್ತಬೇಕು, ಪಾದದಿಂದ ಶುರು ಮಾಡಬೇಕು, ಆಗ ಸತ್ತವರು ಕರಂಡದೊಳಗೆ ತಲೆ ಮೇಲಾಗಿ ಇರುತ್ತಾರೆ ಎಂದು ವಿವರಿಸಿದ. ಈ ದಿನಗಳಲ್ಲಿ ಬರಿಗೈಯಿಂದ ಏನನ್ನೂ ಮುಟ್ಟುವಂತಿಲ್ಲ ಎಂದೂ ಹೇಳಿದ.

ಹರಿಪ್ರಸಾದ ಕಡ್ಡಿಗಳನ್ನು ಮೇಜಿನ ಮೇಲಿಟ್ಟು ಗವಸು ಕಳಚಿದ.

"ಸುಮಿಮಾಸೆನ್, ನಿಯಮ..." ಸಿಬ್ಬಂದಿಯವನು ಮುಂದೆ ಬಂದ.

ಹರಿಪ್ರಸಾದ ಬಗ್ಗಿ ಪಾದದ ಎಲುಬೊಂದರ ತುದಿ ಹಿಡಿದ. ಬಿಸಿಯಿತ್ತು. ಬಿಡಲಿಲ್ಲ.

"ನಿಯಮ ಇದೆ," ಎಂದು ಸಿಬ್ಬಂದಿಯವನು ಈ ಸಲ ಮೊರಿತಾ-ಸಾನ್ ಕಡೆ ತಿರುಗಿ, ನೀವಾದರೂ ಹೇಳಿ ಎನ್ನುವಂತೆ ನೋಡಿದ.

ಮೊರಿತಾ-ಸಾನ್ ಹತ್ತು ತಿಂಗಳಿಂದ ಲಿಫ್ಟಿನ ಗುಂಡಿಯನ್ನೂ ಬರಿಬೆರಳಿನಿಂದ ಒತ್ತಿದವರಲ್ಲ. ಅವರು ಬಲಗೈಯ ಗವಸು ತೆಗೆದರು, ಎಡಗೈಯದನ್ನೂ ತೆಗೆದರು, ಎರಡನ್ನೂ ಮಡಿಸಿ ಸಿಬ್ಬಂದಿಯವನ ಕೈಗೆ ಕೊಟ್ಟರು. ಕಪ್ಪು ಕೋಟಿನ ತೋಳು ಮಡಚಿಕೊಂಡು, ಹರಿಪ್ರಸಾದ ಹಿಡಿದಿದ್ದ ಎಲುಬಿನ ಇನ್ನೊಂದು ತುದಿಯನ್ನು ಬರಿಬೆರಳಿನಲ್ಲಿ ಹಿಡಿದರು. ಇಬ್ಬರೂ ಅದನ್ನು ನಿಧಾನವಾಗಿ ಕರಂಡಕ್ಕೆ ಇಳಿಸಿದರು. ಬೆರಳ ತುದಿ ಸುಟ್ಟು ಕೆಂಪಾಗಿತ್ತು. ಮೊರಿತಾ-ಸಾನ್ ಅದನ್ನು ಊದಿಕೊಳ್ಳಲೂ ಇಲ್ಲ. ಬಗ್ಗಿ ಬೂದಿಯೊಳಗೆ ಮತ್ತೆ ಕೈ ಹಾಕಿದರು.