ಪರದೆ ಸುಟ್ಟಿದ್ದು ಯಾರು?

ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ ಕೋಣೆಗೆ ಬಂದರೆ ಕಿಟಕಿಯ ನೀಲಿ ಪರದೆ ಹೊಗೆಯಾಡುತ್ತಿತ್ತು. ಕೈಗೆ ಸಿಕ್ಕ ಚೊಂಬಿನ ನೀರು ಎರಚಿದರು. ಬೆಂಕಿಯೇನೋ ಆರಿತು, ಪರದೆಯಲ್ಲಿ ಅಂಗೈಯಗಲ ತೂತು ಉಳಿಯಿತು. ಪಕ್ಕದಲ್ಲೇ ಹೊಲಿಗೆಗೆ ಬಂದ ಬಟ್ಟೆಗಳ ರಾಶಿ. ಇನ್ನೊಂದು ಗಳಿಗೆ ತಡವಾಗಿದ್ದರೆ ಮನೆಯೇ ಹೋಗುತ್ತಿತ್ತು.

ಆ ಕೋಣೆಯಲ್ಲಿ ಅತ್ತೆ ಬಟ್ಟೆ ಹೊಲಿಯುತ್ತಾರೆ, ಸೊಸೆ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅತ್ತೆ ಅವಳನ್ನು ಕೂಗಿ ಕರೆದರು.

"ಇಸ್ತ್ರಿಪೆಟ್ಟಿಗೆ ಆಫ್ ಮಾಡದೆ ಎದ್ದು ಹೋಗಿದೀಯ. ಮೈಮೇಲೆ ಎಚ್ಚರ ಬೇಡ್ವಾ?"

"ಇವತ್ತು ಇಸ್ತ್ರಿ ಮುಟ್ಟೇ ಇಲ್ಲ ಅತ್ತೆ." ಸೊಸೆಯ ಕಣ್ಣು ತುಂಬಿತು.

"ಮತ್ತೆ ಬೆಂಕಿ ಕಾಲು ಬಂದು ನಡ್ಕೊಂಡು ಬಂತಾ?"

ಗಲಾಟೆ ಕೇಳಿ ಪಕ್ಕದ ಮನೆಯವಳು ಓಡಿಬಂದಳು. ಅಗ್ನಿಶಾಮಕ ಠಾಣೆಯಲ್ಲಿ ಅವಳ ಕೆಲಸ. ಇಸ್ತ್ರಿಪೆಟ್ಟಿಗೆ ಮುಟ್ಟಿದಳು, ತಣ್ಣಗಿತ್ತು. ಮೇಜಿನ ಮೇಲೆ ಸೊಸೆಯ ದುಂಡು ಕನ್ನಡಿ ಕಿಟಕಿಗೆ ಮುಖ ಮಾಡಿ ಬಿಸಿಲಲ್ಲಿ ನಿಂತಿತ್ತು. ಹುಬ್ಬು ತೀಡಲು ಮುಖ ದೊಡ್ಡದಾಗಿ ತೋರಿಸುವ ಕನ್ನಡಿ ಅದು.

"ಸುಟ್ಟಿದ್ದು ಇದೇ ಅಮ್ಮಾ."

"ಕನ್ನಡಿ ಸುಡುತ್ತಾ? ನನ್ನ ಕಿವಿ ಮೇಲೆ ಹೂ ಇಡ್ಬೇಡ ಕಣೆ!"

ಪಕ್ಕದ ಮನೆಯವಳು ಬಕೆಟ್ಟಿನಲ್ಲಿ ನೀರು ತರಿಸಿಟ್ಟುಕೊಂಡು, ಸ್ಟೀಲ್ ತಟ್ಟೆಗೆ ಕಪ್ಪು ಕಾಗದ ಅಂಟಿಸಿ ಕನ್ನಡಿಯೆದುರು ಹಿಡಿದಳು. ತಟ್ಟೆಯನ್ನು ಮೆಲ್ಲಗೆ ಹಿಂದೆ ಸರಿಸಿದ ಹಾಗೆ ಅಗಲವಾಗಿದ್ದ ಬೆಳಕು ಗುಂಡಿಯಷ್ಟಾಯಿತು, ಆಮೇಲೆ ಇನ್ನೂ ಚಿಕ್ಕದಾಯಿತು. ನೋಡನೋಡುತ್ತಲೇ ಕಾಗದದಿಂದ ಹೊಗೆ ಎದ್ದಿತು.

"ಅಯ್ಯೋ ನನ್ನವ್ವ!" ಅತ್ತೆ ಬಾಯಿಗೆ ಸೆರಗು ಹಿಡಿದರು.

"ಸಪಾಟು ಕನ್ನಡಿ ಬಿಸಿಲನ್ನ ಬಂದ ಹಾಗೇ ಸಾಲಾಗಿ ವಾಪಸ್ ಕಳಿಸುತ್ತೆ. ಇದರ ಮೈ ಸೌಟಿನ ಥರ ಒಳಕ್ಕೆ ಬಾಗಿದೆ. ಎಲ್ಲೆಲ್ಲಿ ಬಿದ್ದ ಬೆಳಕನ್ನೂ ಒಂದೇ ಜಾಗಕ್ಕೆ ತಿರುಗಿಸುತ್ತೆ. ನೀವು ನಿರಿಗೆಯನ್ನೆಲ್ಲ ಸೊಂಟದ ಪಟ್ಟಿಗೆ ಕೂಡಿಸ್ತೀರಲ್ಲ, ಹಾಗೆ."

"ಮತ್ತೆ ಸೂಜಿಗೆ ದಾರ ಪೋಣಿಸೋಕೆ ಇಟ್ಕೊಂಡಿರೋ ನನ್ನ ಭೂತಗನ್ನಡಿ? ಅದೂ ಸುಡುತ್ತಾ?"

"ಅದು ಬೆಳಕನ್ನ ತನ್ನೊಳಗೆ ಹಾಯಿಸಿ, ಬಗ್ಗಿಸಿ ಕೂಡಿಸುತ್ತೆ. ನೀರು ತುಂಬಿದ ದುಂಡನೆ ಗಾಜಿನ ಹೂಜಿಯೂ ಅಷ್ಟೇ."

"ಇನ್ನೊಂದ್ಸಲ ಮಾಡೇ, ಕಣ್ತುಂಬ ನೋಡ್ತೀನಿ."

"ನೋಡಿ, ಆದ್ರೆ ಆ ಚುಕ್ಕೆಯನ್ನೇ ದಿಟ್ಟಿಸ್ಬೇಡಿ."

ಮತ್ತೆ ಹೊಗೆ ಎದ್ದಾಗ ಅತ್ತೆ ಮಗುವಿನ ಹಾಗೆ ನಕ್ಕರು. ಸೊಸೆಯ ಕಡೆ ತಿರುಗಿದಾಗ ನಗು ಮಾಯವಾಗಿತ್ತು. "ಹಿಂದುಮುಂದು ನೋಡದೆ ನಿನ್ನ ಮೇಲೆ ತಪ್ಪು ಹೊರಿಸಿಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ ಮಗಳೇ."

ಅಂದೇ ಮಖಮಲ್ ತುಂಡಿನಿಂದ ಕನ್ನಡಿಗೊಂದು ಮುಸುಕು ಹೊಲಿದರು. ಈಗ ಬಂದ ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ: "ನಮ್ಮ ಸೊಸೆ ಕನ್ನಡಿ ಅಂದ್ರೆ ಏನಂದ್ಕೊಂಡ್ರಿ? ಸೂರ್ಯನನ್ನೇ ಒಂದು ಚುಕ್ಕೆಯೊಳಗೆ ಹಿಡಿದಿಡುತ್ತೆ!"

ಓದುತ್ತಿರುವ ನೀವೂ ಒಮ್ಮೆ ಎದ್ದು ನಿಮ್ಮ ಮನೆಯ ಕಿಟಕಿಗಳನ್ನು ನೋಡಿ ಬನ್ನಿ. ಬಾಗುಗನ್ನಡಿ, ಭೂತಗನ್ನಡಿ, ನೀರಿನ ಗಾಜಿನ ಹೂಜಿ ಬಿಸಿಲಲ್ಲಿದ್ದರೆ ಒಳಗಿಡಿ, ಕನ್ನಡಿಗೆ ಬಟ್ಟೆ ಮುಚ್ಚಿ. ಭೂತಗನ್ನಡಿಯಲ್ಲಿ ಸೂರ್ಯನನ್ನು ಎಂದೂ ನೋಡಬೇಡಿ, ಮಕ್ಕಳಿಗೂ ತಿಳಿಸಿ. ಬೆಳಕನ್ನು ಕೂಡಿಸುವ ಈ ಗಾಜುಗಳು ದೊಡ್ಡ ಸೋಜಿಗ. ಕಣ್ಣರಳಿಸಿ ಬೆರಗುಪಡಿ, ಬಿಸಿಲಿಗೆ ಬಿಟ್ಟು ಮಾತ್ರ ಮರೆಯಬೇಡಿ.