ಎಡಗಡೆಯ ಥರ್ಮಾಮೀಟರು

ತಮಿಳುನಾಡಿನ ಪಲ್ಲಡಂ ಬಳಿಯ ಒಂದು ಮಗ್ಗದ ಶೆಡ್ಡಿನಲ್ಲಿ, ಬೇಸಗೆ ಶುರುವಾಗುತ್ತಲೇ, ಒಣಗಿರಬೇಕಾದ ಥರ್ಮಾಮೀಟರಿನ ಬುಡಕ್ಕೂ ಒದ್ದೆ ಬತ್ತಿ ಸುತ್ತಿಸಿದರು.

ಅಲ್ಲಿ ಗೋಡೆಯ ಮೇಲೆ ಥರ್ಮಾಮೀಟರುಗಳು ಜೋಡಿಯಾಗಿ ಇರುತ್ತವೆ. ಬಲಗಡೆಯದಕ್ಕೆ ಒದ್ದೆ ಬತ್ತಿ ಇರಲೇಬೇಕು. ಎರಡರ ಅಂತರ ನೋಡಿ ಗಾಳಿಯ ತೇವ ಅಳೆಯುತ್ತಾರೆ, ತೇವ ಕಮ್ಮಿಯಾದರೆ ನೂಲು ಹರಿಯುತ್ತದೆ. ಎಡಗಡೆಯದು ಶೆಡ್ಡಿನ ಶಾಖ ಹೇಳುತ್ತದೆ. ಅದು ಮೂವತ್ತೆಂಟು ದಾಟಿದರೆ ಮಧ್ಯಾಹ್ನ ಮಗ್ಗ ನಿಲ್ಲಿಸಬೇಕು. ಹೋದ ವರ್ಷ ಕೆಲಸದವರು ಗೇಟಿನ ಮುಂದೆ ಕೂತು ಪಡೆದುಕೊಂಡ ಕಟ್ಟಳೆ ಅದು. ಬತ್ತಿ ಸುತ್ತಿದ ಮೇಲೆ ಅದು ಮೂವತ್ತೊಂದರಲ್ಲೇ ಕೂತಿತು. ಮಗ್ಗ ಓಡುತ್ತಲೇ ಇತ್ತು. ಸೋಮವಾರ ರಾಮಾತಾಳ್ ಹರಿದ ಎಳೆಗೆ ಗಂಟು ಹಾಕುತ್ತಿದ್ದವಳು ಹಾಗೇ ಕುಸಿದುಬಿದ್ದಳು, ಇನ್ನೂ ಆಸ್ಪತ್ರೆಯಲ್ಲಿದ್ದಾಳೆ.

ಬತ್ತಿ ನೆನೆಸುವ ಕೆಲಸ ಶಿವಗಾಮಿಯದು. "ಎರಡಕ್ಕೂ ನೀರ್ ಬಿಡಕ್ಕಾ" ಎಂದು ಸೂಪರ್‌ವೈಸರ್ ಅಂಗಪ್ಪನ್ ಹೇಳಿದ್ದ, ಕನ್ನಡದಲ್ಲಿ. ಮನೆಯಲ್ಲಿ ಕನ್ನಡ ಆಡುವವರು ಆ ಶೆಡ್ಡಿನಲ್ಲಿ ಅವರಿಬ್ಬರೇ. ದಿನವೆಲ್ಲ ತಮಿಳಿನಲ್ಲಿ ಗದರುವ ಅಂಗಪ್ಪನ್, ಬೇರೆಯವರ ಕಿವಿಗೆ ಬೀಳಬಾರದ ಮಾತು ಬಂದಾಗ ಮಾತ್ರ ಮನೆಯ ಭಾಷೆಗೆ ಇಳಿಯುತ್ತಿದ್ದ.

ಗುರುವಾರ ಟೀ ಹೊತ್ತಿಗೆ ಮಗ್ಗಗಳು ನಿಂತವು. ಶಿವಗಾಮಿ ನೀರಿನ ಬಾಟಲಿ ಹಿಡಿದು ಗೋಡೆಯ ಮುಂದೆ ನಿಂತೇ ಇದ್ದಳು.

"ಏನಕ್ಕಾ, ಸ್ವಾಮಿ ದರ್ಶನವಾ?" ಎಂದ ಅಂಗಪ್ಪನ್, ಟೀ ಲೋಟ ಹಿಡಿದು ಬಂದು.

"ಒಳಗೆ ಕೆಂಪಗಿರೋದು ಏನಪ್ಪಾ?"

"ಬಣ್ಣ ಹಾಕಿದ ಸಾರಾಯ."

"ನಮ್ಮ ಮನೆಯವರಿಗೆ ಗೊತ್ತಾದ್ರೆ ಇದನ್ನೂ ಬಿಡಲ್ಲ. ಸಾರಾಯವೇ ಯಾಕೆ? ಒಂದು ಕಂಬಿ ಇಟ್ಟಿದ್ರೆ ಆಗ್ತಿರಲಿಲ್ವಾ?"

ಅಂಗಪ್ಪನ್‌ಗೆ ಖುಷಿಯಾಯಿತು. ಅವನು ಪಾಲಿಟೆಕ್ನಿಕ್ ಓದಿದವನು, ಕೇಳುವವರು ಅಪರೂಪ. "ಕಂಬೀನೂ ಬಿಸಿಗೆ ಉಬ್ಬತ್ತೆ, ಆದ್ರೆ ಕಣ್ಣಿಗೆ ಕಾಣೋಷ್ಟಲ್ಲ. ಗಾಳಿ ಸಿಕ್ಕಾಪಟ್ಟೆ ಉಬ್ಬತ್ತೆ, ಒತ್ತಡ ಬದಲಾದ್ರೂ ಅಲ್ಲಾಡತ್ತೆ, ಅದನ್ನ ನಂಬಂಗಿಲ್ಲ. ಇದು ಅಳತೆಯಾಗಿ ಉಬ್ಬತ್ತೆ, ಗಾಜಿಗಿಂತ ಜಾಸ್ತಿ. ಕೊಳವೆ ಕೂದಲಿನಷ್ಟು ಸಣ್ಣ. ಮೇಲೆ ಹತ್ತದೆ ಬೇರೆ ದಾರಿಯಿಲ್ಲ."

"ಒದ್ದೆ ಬಟ್ಟೆ ಸುತ್ತಿದ್ರೆ?"

"ನೀರು ಆರುವಾಗ ಬಿಸಿ ಎಳಕೊಳ್ಳತ್ತೆ. ಇಳಿಯತ್ತೆ."

"ಶೆಡ್ಡಿನ ಬಿಸಿನೂ ಇಳಿಯತ್ತಾ?"

ಅಂಗಪ್ಪನ್ ಟೀ ಲೋಟ ಕೆಳಗಿಟ್ಟು ಕನ್ನಡಕ್ಕೆ ಇಳಿದ. "ಅದೆಲ್ಲ ನಿನಗ್ಯಾಕಕ್ಕಾ? ನಾವು ನಾವು, ಒಂದೇ ಮನೆಮಾತಿನವರು. ಓನರ್ ಬರೋ ಹೊತ್ತಾಯ್ತು, ಎಡಗಡೆದಕ್ಕೆ ನೀರ್ ಬಿಡು."

ಶಿವಗಾಮಿ ಎಡಗಡೆಯ ಬತ್ತಿಯನ್ನು ಬಿಚ್ಚಿ ಹಿಂಡಿದಳು. ಒರಸಿದ ಗಾಜಿನೊಳಗೆ ಕೆಂಪು ಗೆರೆ ಮೆಲ್ಲಗೆ ಮೇಲೇರತೊಡಗಿತು. ಅವಳು ತಿರುಗಿ, ಟೀ ಕುಡಿಯುತ್ತಿದ್ದವರಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಹೇಳಿದಳು: "ಶಾಖ ಕಮ್ಮಿ ತೋರಿಸೋಕೆ ಇದಕ್ಕೂ ಒದ್ದೆ ಬತ್ತಿ ಕಟ್ಟಿಸಿದ್ದಾರೆ. ಈಗ ಮತ್ತೆ ನೀರು ಬಿಡು ಅಂತಿದ್ದಾರೆ."

ಲೋಟಗಳು ಅಲ್ಲಲ್ಲೇ ನಿಂತವು. ಒಬ್ಬೊಬ್ಬರಾಗಿ ಎದ್ದು ಗೋಡೆಯ ಹತ್ತಿರ ಬಂದರು.

"ಅಕ್ಕಾ, ಮೆಲ್ಲಗೆ. ಕನ್ನಡದಲ್ಲಿ ಮಾತಾಡು" ಎಂದ ಅಂಗಪ್ಪನ್. "ಬತ್ತಿ ಕಟ್ಟು ಮೊದಲು."

ಶಿವಗಾಮಿ ತಮಿಳಿನಲ್ಲೇ ಆಗಲ್ಲ ಎಂದಳು: "ಮಾಟ್ಟೇನ್."