ಬಳಸಿದ ರಿಬ್ಬನ್

ಆ ಬೆಳಿಗ್ಗೆ ಇಳಿದ ಮಂಜು ಹೊತ್ತೇರಿದರೂ ಏಳಲಿಲ್ಲ. ಎದುರು ಮನೆಯ ಗೇಟು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದು ಕೇಳಲೇ ಇಲ್ಲ. ಆ ಬಿಳುಪಿನೊಳಗಿಂದ ರಿಪೇರಿಯವನು ಹೊಸ ಪ್ರಿಂಟರುಗಳ ಎರಡು ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಬಂದಾಗ ಮನೆಯ ಕಿರಿಸೊಸೆ ಚಿಕ್ಕವಳಿಗೆ ಮೊದಲು ಕಂಡದ್ದು ಪೆಟ್ಟಿಗೆಗಳು. ಅವುಗಳ ಹಿಂದೆ ಮನುಷ್ಯನಿದ್ದಾನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮುದುಕರನ್ನ ಕರ್ಕೊಂಡು ಹೋಗೋಕೆ ಬಂದೆ ಅಮ್ಮಾ," ಅಂದ ಅವನು, ಮೆಟ್ಟಿಲಿಗೆ ಕಾಲು ಒರೆಸುತ್ತ. "ಅಳೋರು ಯಾರಾದ್ರೂ ಇದ್ರೆ ಈಗಲೇ ಅತ್ತುಬಿಡಿ."

"ಅಳೋಕೇನು ಅವು ನನ್ನ ತವರಿನವಾ? ಒಳಗೆ ಬನ್ನಿ."

ಅದು ಸೋಪಿನ ಮನೆ. ಹನ್ನೊಂದು ವರ್ಷ ಕಾಲ ಅಣ್ಣತಮ್ಮಂದಿರ ಹೆಂಡತಿಯರಿಬ್ಬರು ಅಲ್ಲಿ ಎಣ್ಣೆ ಕಾಯಿಸಿ, ಕಾಸ್ಟಿಕ್ ಸೋಡಾ ಬೆರೆಸಿ, ಅಚ್ಚಿಗೆ ಸುರಿದು, ಹಲಗೆಯ ಮೇಲೆ ತಿಂಗಳು ಒಣಗಿಸಿ ಊರೂರಿಗೆ ಕಳಿಸುತ್ತಿದ್ದರು. ದೊಡ್ಡವಳು, ಚಿಕ್ಕವಳು ಅಂದರೆ ಸಾಕು, ಬೀದಿಗೆಲ್ಲ ಗೊತ್ತು. ಹೊದಿಕೆಗೆ ಅಂಟಿಸುವ ಲೇಬಲ್ ಒತ್ತುವುದು ಚಿಕ್ಕವಳ ಪ್ರಿಂಟರಿನಲ್ಲಿ. ಸೋಪು ಯಾರೇ ಕಾಯಿಸಿರಲಿ, ವಿಳಾಸ ಒತ್ತುವುದು ದೊಡ್ಡವಳ ಪ್ರಿಂಟರಿನಲ್ಲಿ. ವಿಳಾಸದ ಕೆಳಗೆ ಕಾಯಿಸಿದ ತಾರೀಖು, ಅದರ ಪಕ್ಕ ಗುರುತು. ದೊಡ್ಡವಳು ಕಾಯಿಸಿದ್ದಕ್ಕೆ ಒಂದು ಚುಕ್ಕೆ, ಚಿಕ್ಕವಳು ಕಾಯಿಸಿದ್ದಕ್ಕೆ ಎರಡು.

ಎರಡು ವರ್ಷದ ಹಿಂದೆ ದೊಡ್ಡವಳ ಒಂದು ಹಲಗೆ ಸೋಪು ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಯಿತು. ಚಿಕ್ಕವಳು ನೆಂಟರಿಷ್ಟರು ಕೂತಿದ್ದ ಪಡಸಾಲೆಯಲ್ಲೇ, "ಮನೆಯವರೇ ಕೈಚಳಕ ತೋರಿಸಿದ್ರೆ ಬೀಗ ಯಾರಿಗೆ ಹಾಕೋದು? ಅಕ್ಕ ಬೇರೆ ಕಡೆ ಮಾರ್ಕೊಳ್ತಾ ಇದಾರೆ," ಅಂದಿದ್ದಳು. ದೊಡ್ಡವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮಾರನೆಯ ದಿನ, ತಾನು ಬಿಡುವಿನಲ್ಲಿ ಗುಂಡಿ ಹಾಕಿಕೊಡುತ್ತಿದ್ದ ದರ್ಜಿಯ ಅಂಗಡಿಯ ಮೇಲಿನ ಕೋಣೆಗೆ ಹೋದವಳು ಹಿಂದಿರುಗಲಿಲ್ಲ.

ಅಂದಿನಿಂದ ಅವಳ ಪ್ರಿಂಟರ್ ಮೂಲೆಯಲ್ಲಿ ಹಳೇ ಹೊದಿಕೆ ಹೊದ್ದು ಕೂತಿತ್ತು. ಚಿಕ್ಕವಳ ಮಿಷಿನ್ ಎರಡು ಕೆಲಸ ಮಾಡಿ ಸುಸ್ತಾಗಿ ಅರ್ಧರ್ಧ ಹೆಸರು ಉಗುಳತೊಡಗಿದಾಗ, ಒಂದು ತಂದರೆ ಸಾಲದೇ ಎಂದು ಗಂಡ ಕೇಳಿದ. "ಅದನ್ನೂ ತೆಗೆಸಿಬಿಡಿ. ಕೆಲಸ ಮಾಡ್ತಿದ್ರೆ ಬೆನ್ನ ಹಿಂದೆ ಯಾರೋ ಕೂತ ಹಾಗಾಗುತ್ತೆ," ಅಂದಿದ್ದಳು.

ಹೊಸದರ ಬದಲಿಗೆ ಕೊಡುವ ಹಳೇ ಮಿಷಿನ್ ಬದುಕಿದೆಯೋ ಇಲ್ಲವೋ ನೋಡಲು ರಿಪೇರಿಯವನು ದೊಡ್ಡವಳ ಪ್ರಿಂಟರಿನ ಹೊದಿಕೆ ತೆಗೆದು ಕರೆಂಟು ಕೊಟ್ಟ. ಒಳಗೆ ಏನೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಆಮೇಲೆ ಖಾಲಿ ಲೇಬಲ್ ಒಂದು ನಿಧಾನವಾಗಿ ಹೊರಬಂದು, ನಾಲಿಗೆಯ ಹಾಗೆ ನೇತಾಡಿ ನಿಂತಿತು. ಚಿಕ್ಕವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಜೀವ ಇದೆ," ಅಂದ ಅವನು. ಮುಚ್ಚಳ ಬಿಚ್ಚಿ, ಬಳಸಿದ ಕರಿ ರಿಬ್ಬನ್ನಿನ ಸುರುಳಿಯನ್ನು ಅವಳ ಕೈಗಿಟ್ಟ. "ಇದನ್ನ ಕಸಕ್ಕೆ ಹಾಕ್ಬೇಡಿ, ಸುಟ್ಟುಬಿಡಿ. ಮಸಿ ಕಾಗದಕ್ಕೆ ಹೋಗುತ್ತೆ, ಹೋದ ಜಾಗ ಇದರಲ್ಲಿ ಉಳಿಯುತ್ತೆ. ಒತ್ತಿದ ಒಂದೊಂದಕ್ಷರಾನೂ ಓದಬಹುದು. ಹೊಸದರಲ್ಲಿ ಈ ತಾಪತ್ರಯ ಇಲ್ಲ. ಬಿಸಿಗೇ ಅಕ್ಷರ ಏಳುತ್ತೆ. ಹೊಟ್ಟೇಲಿ ಏನೂ ಇಟ್ಕೊಳ್ಳಲ್ಲ."

ಅವನು ಹೊಸದನ್ನು ಜೋಡಿಸಲು ಕೂತ. ಕಳುವಿನ ಸೋಪು ಯಾರ ಮನೆ ಸೇರಿತೆಂದು ಈಗಲಾದರೂ ಗೊತ್ತಾಗಲಿ ಎಂದುಕೊಂಡು ಅವಳು ರಿಬ್ಬನ್ನನ್ನು ಕಿಟಕಿಗೆ ಹಿಡಿದಳು. ಕರಿ ಪಟ್ಟಿಯೊಳಗೆ ಮಂಜು ಅಕ್ಷರಗಳಾಗಿ ನಿಂತಿತು.

ಸುರುಳಿ ಬಿಚ್ಚಿದ ಹಾಗೆ ಕೊನೆಯದು ಮೊದಲು ಬರುತ್ತಿತ್ತು, ದಿನಗಳು ಹಿಂದಕ್ಕೆ ನಡೆಯುತ್ತಿದ್ದವು. ಎಲ್ಲ ಪರಿಚಯದ ಗಿರಾಕಿಗಳೇ. ಒಂದು ಕಡೆಯಿಂದ ಪ್ರತಿ ಹೆಸರಿನ ಕೆಳಗೂ ಒಂದು ಚುಕ್ಕೆ, ಅದರಡಿ ಅವಳು ಎಂದೂ ನೋಡದ ಸಾಲುಗಳು: ಹಿಂದೆ ಕಳಿಸಿದ ಸೋಪು ಬಳಸಬೇಡಿ. ಮೈ ಉರಿಯುತ್ತದೆ. ದರ್ಜಿ ಅಂಗಡಿಯ ವಿಳಾಸಕ್ಕೆ ವಾಪಸ್ ಕಳಿಸಿ. ಇದು ಅದರ ಬದಲಿಗೆ. ತಪ್ಪು ನನ್ನದು.

"ಅಂದ್ರೆ ಕಾಸ್ಟಿಕ್ ಹೆಚ್ಚು ಹಾಕಿ ಕೆಡಿಸಿದ್ದು ಅಕ್ಕ. ಕಾಣೆಯಾದ ಹಲಗೆ ಹೋಗಿದ್ದು ಆ ಬದಲಿಗೆ," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎದೆ ಒಂದು ಗಳಿಗೆ ಹಗುರಾಯಿತು. ಬೆರಳು ಮಾತ್ರ ಬಿಚ್ಚುತ್ತಲೇ ಇತ್ತು.

ಇನ್ನೊಂದು ಮೊಳ ಹಿಂದೆ ಅವೇ ಹೆಸರುಗಳು ಮತ್ತೆ ಬಂದವು. ಇವು ಆ ಕೆಟ್ಟ ಸೋಪು ಹೋದ ಮೊದಲ ಸಲದವು. ಪ್ರತಿಯೊಂದರ ಕೆಳಗೂ ಎರಡು ಚುಕ್ಕೆ.

ತಾರೀಖು ನೋಡಿದಳು. ತನ್ನ ಬಸಿರು ಇಳಿದುಹೋಗಿ ಎಂಟನೆಯ ದಿನ. ಆ ದಿನ ಒಲೆ ಹಚ್ಚಿದ ನೆನಪಿಲ್ಲ, ಅಳೆದ ನೆನಪಿಲ್ಲ, ಅಚ್ಚಿಗೆ ಸುರಿದ ನೆನಪಿಲ್ಲ. ತನ್ನ ಕೈಯೊಂದು ತನ್ನನ್ನು ಬಿಟ್ಟು ಬಂದು ಈ ಮನೆಯಲ್ಲಿ ಕೆಲಸ ಮಾಡಿ ಹೋದ ಹಾಗಿತ್ತು.

"ಒಂದು ಹೆಸರು ಹೇಳಿ ಅಮ್ಮಾ, ಒತ್ತಿ ನೋಡೋಣ," ಅಂದ ರಿಪೇರಿಯವನು.

"ಖಾಲಿಯೇ ಬರಲಿ," ಎಂದು ಚಿಕ್ಕವಳು ಚಪ್ಪಲಿ ಮೆಟ್ಟಿದಳು.

ಮೂರು ಬೀದಿ ದಾಟುವಾಗ ಎದುರಿಗೆ ಯಾರೂ ಸಿಗಲಿಲ್ಲ. ಯಾರದೋ ಹೆಜ್ಜೆ ಮಾತ್ರ ಅವಳ ಹೆಜ್ಜೆಗೆ ಸರಿಯಾಗಿ ಬಂತು. ದರ್ಜಿಯ ಅಂಗಡಿಯ ಮರದ ಮೆಟ್ಟಿಲು ಹತ್ತುವಾಗ ಅದೂ ನಿಂತಿತು. ದೊಡ್ಡವಳು ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಬಾ. ಈ ಮಂಜಲ್ಲಿ ಹೇಗೆ ದಾರಿ ಕಾಣ್ತು?"

"ಅಕ್ಕ, ನಿಮ್ಮ ಪ್ರಿಂಟರಿನ ರಿಬ್ಬನ್ ಓದಿದೆ."

"ಅದನ್ನ ಓದೋಕೆ ಬರುತ್ತಾ?" ಸೂಜಿ ನಿಲ್ಲಲಿಲ್ಲ. "ನಂಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಸುಟ್ಟೇ ಬರ್ತಿದ್ದೆ."

"ಯಾಕೆ ಹೇಳಲಿಲ್ಲ?"

"ಯಾವಾಗ ಹೇಳ್ಲಿ? ನೀನು ಆಗ ಊಟ ಬಿಟ್ಟಿದ್ದೆ, ಮಾತು ಬಿಟ್ಟಿದ್ದೆ. ಒಲೆ ಮುಂದೆ ಕೂರೋದೊಂದು ಉಳಿದಿತ್ತು. ಅದನ್ನೂ ಕಿತ್ಕೊಳ್ಳಲಾ?"

"ಅಷ್ಟು ಜನರ ಮುಂದೆ ನಾನು ಅಂದಾಗಲಾದ್ರೂ..."

"ಆಗ ನಂಗೂ ಸಿಟ್ಟು ಬಂತು," ಅಂದಳು ದೊಡ್ಡವಳು. "ನಾನೇನು ದೇವರ ಪಟವಾ, ಸುಮ್ನೆ ನಗ್ತಾ ಇರೋಕೆ?"

ಚಿಕ್ಕವಳು ನೆಲದ ಮೇಲೆ ಕೂತಳು. "ಮನೆಗೆ ಬನ್ನಿ ಅಕ್ಕ. ಅವತ್ತು ಕೂತಿದ್ದವರ ಎದುರಿಗೇ ಮತ್ತೆ ಎಲ್ಲ ಹೇಳ್ತೀನಿ, ಮೊದಲಿಂದ."

ದೊಡ್ಡವಳು ದಾರ ಕಡಿದಳು, ಅಂಗಿ ಮಡಿಸಿ ಪಕ್ಕಕ್ಕಿಟ್ಟಳು. ಮಂಚದ ಕೆಳಗೆ ಬಗ್ಗಿ ಒಂದು ರಟ್ಟಿನ ಡಬ್ಬ ಎಳೆದಳು. ಅದರ ತುಂಬ ಸೋಪು. ಬಿಲ್ಲೆಗಳ ಮೇಲೆಲ್ಲ ಕ್ಷಾರ ಹೊರಬಂದು, ಇಬ್ಬನಿ ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ ಮೊಳೆತಿತ್ತು.

"ಎಲ್ಲರೂ ವಾಪಸ್ ಕಳಿಸಿದ್ರು, ಒಬ್ಬರೂ ಇಟ್ಕೊಳ್ಳಲಿಲ್ಲ. ಎಸೆಯೋಣ ಅಂತ ಎಷ್ಟೋ ಸಲ ಹೊರಟೆ."

ಮೇಲಿನ ಬಿಲ್ಲೆಯಲ್ಲಿ, ಹಸಿ ಇರುವಾಗಲೇ ಅಚ್ಚಿನಿಂದ ಎಬ್ಬಿಸಿದ ಹೆಬ್ಬೆರಳಿನ ಗುರುತಿತ್ತು. ಚಿಕ್ಕವಳು ತನ್ನ ಹೆಬ್ಬೆರಳನ್ನು ಅದರೊಳಗಿಟ್ಟಳು. ಸರಿಯಾಗಿ ಕೂತಿತು. ಸಣ್ಣಗೆ ಉರಿಯತೊಡಗಿದರೂ ತೆಗೆಯಲಿಲ್ಲ.

"ನಿನ್ನವು," ಎಂದು ದೊಡ್ಡವಳು ಡಬ್ಬವನ್ನು ಎರಡೂ ಕೈಯಿಂದ ಎತ್ತಿ ಅವಳ ಮಡಿಲಲ್ಲಿಟ್ಟಳು. ಹೊರಳದ ಹಾಗೆ, ನಿಧಾನವಾಗಿ, ಮಲಗಿದ ಕೂಸನ್ನು ಕೊಡುವ ಹಾಗೆ.